ತಪಾಸಣೆ ದಿನದ ಮಿಸ್

19 ನವೆಂಬರ್ 2007, ಕೊಪ್ಪ

ಕೆಲಸ ಸಿಕ್ಕಿತು. ನಮ್ಮೂರು ಬೇಗಾರಿಗೆ ಫೋನ್ ಮಾಡಿ, ‘ಮೂರನೇ ಕ್ಲಾಸಿಗೆ ಟೀಚರ್’ ಎಂದು ಅಮ್ಮನಿಗೆ ಹೇಳಿದೆ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಸೆಕ್ರೆಟರಿ ವಿಘ್ನೇಶ್ವರ ರಾಯರು ಮುಚ್ಚುಮರೆ ಇಲ್ಲದೆ ಎಲ್ಲವನ್ನೂ ವಿವರಿಸಿದರು. ಶಾಲೆಗೆ ಅನುಮತಿ ಇರುವುದು ಕನ್ನಡ ಮಾಧ್ಯಮಕ್ಕೆ. ಕಲಿಸುವುದು ಮೊದಲಿನಿಂದಲೂ ಇಂಗ್ಲಿಷಿನಲ್ಲಿ. ಹೋದ ವರ್ಷ ಸರ್ಕಾರ ಇಂಥ ಶಾಲೆಗಳ ಮಾನ್ಯತೆ ರದ್ದು ಮಾಡಿದಾಗ, ಇನ್ನು ಐದನೇ ತರಗತಿಯವರೆಗೆ ಕನ್ನಡದಲ್ಲೇ ಕಲಿಸುತ್ತೇವೆ ಎಂದು ಮುಚ್ಚಳಿಕೆ ಬರೆದುಕೊಟ್ಟು ಬಾಗಿಲು ಉಳಿಸಿಕೊಂಡರಂತೆ. ಮಕ್ಕಳ ತಂದೆತಾಯಿಗಳು ಅದಕ್ಕೆ ಒಪ್ಪಲಿಲ್ಲ. ಹೈಕೋರ್ಟಿನಲ್ಲಿ ಕೇಸು ನಡೆಯುತ್ತಿದೆ.

‘ಮಕ್ಕಳು ಯಾವ ಭಾಷೇಲಿ ಕಲೀಬೇಕು ಅಂತ ಕೋರ್ಟು ಹೇಳೋವರೆಗೆ ನಾವು ಎರಡೂ ಆಗಿರ್ಬೇಕು ಮಿಸ್,’ ಎಂದರು. ಉಳಿದ ಕ್ಲಾಸಿನ ಟೀಚರುಗಳು ಎರಡನ್ನೂ ನಿಭಾಯಿಸುತ್ತಾರೆ. ಮೂರನೇ ಕ್ಲಾಸಿನ ಜೆಸಿಂತಾ ಮಾತ್ರ ಮುಂಬೈಯಲ್ಲಿ ಓದಿದ ಮಂಗಳೂರಿನವರು. ಕನ್ನಡ ಮಾತಾಡುತ್ತಾರೆ, ಓದಲು ಬರೆಯಲು ಬಾರದು. ‘ತಪಾಸಣೆಗೆ ಯಾರಾದ್ರೂ ಬಂದ್ರೆ ಆ ಕ್ಲಾಸಿಗೆ ನೀವೇ ಟೀಚರ್. ಬರದಿದ್ದ ದಿನ ಜೆಸಿಂತಾ ಮಿಸ್.’

‘ಬರದಿದ್ದ ದಿನ ನಾನೇನು ಮಾಡ್ಲಿ ಸರ್?’

‘ಇರಿ. ಇದ್ರೆ ಸಾಕು.’

ಡಿ.ಎಡ್ ಮುಗಿಸಿ ಇಷ್ಟು ವರ್ಷವಾದರೂ ಸರ್ಕಾರದ ಪಟ್ಟಿಯಲ್ಲಿ ನನ್ನ ಹೆಸರು ಬಂದಿಲ್ಲ. ಎದುರಿಗೆ ಮಕ್ಕಳು, ಹಿಂದೆ ಕರಿಹಲಗೆ, ಇಷ್ಟು ಸಿಕ್ಕರೆ ಸಾಕೆಂದು ಕಾದವಳು ನಾನು. ಒಪ್ಪಿಕೊಂಡೆ. ಶಾಲೆಯ ಇಳಿಜಾರಿನ ಕೆಳಗೆ ಅನ್ನಪೂರ್ಣಮ್ಮ ಎಂಬವರ ಮನೆಯಲ್ಲಿ ಒಂದು ಕೋಣೆ ಗೊತ್ತುಮಾಡಿಕೊಟ್ಟಿದ್ದಾರೆ.

23 ನವೆಂಬರ್

ಮೊದಲ ತಾಲೀಮು. ಇಲಾಖೆಯ ಜೀಪು ತಿರುವಿನಲ್ಲಿ ಕಂಡರೆ ಅಲ್ಲಿಯ ಅಂಗಡಿಯಿಂದ ಫೋನ್ ಬರುತ್ತದೆ. ಅಟೆಂಡರ್ ತಿಮ್ಮಪ್ಪ ಗಂಟೆಯನ್ನು ಮೂರು ಸಲ ಬಿಡದೆ ಹೊಡೆಯುತ್ತಾನೆ. ಆಗ ಇಂಗ್ಲಿಷ್ ಪುಸ್ತಕ ಚೀಲದ ತಳ ಸೇರಬೇಕು, ಕನ್ನಡದ್ದು ಮೇಲೆ ಬರಬೇಕು, ಗೋಡೆಯ ಚಾರ್ಟುಗಳು ಮಗುಚಬೇಕು. ಜೆಸಿಂತಾ ಹಿಂಬಾಗಿಲಿನಿಂದ ಹೋಗಬೇಕು, ನಾನು ಮುಂಬಾಗಿಲಿನಿಂದ ಬರಬೇಕು.

ಗದ್ದಲವಾಗುತ್ತದೆ ಎಂದುಕೊಂಡಿದ್ದೆ. ಹಾಳೆ ಮಗುಚಿದಷ್ಟೂ ಸದ್ದಾಗಲಿಲ್ಲ. ನಾನು ಬಾಗಿಲು ದಾಟುವಷ್ಟರಲ್ಲಿ ಎಲ್ಲರೂ ಎದ್ದು ನಿಂತಿದ್ದರು. ‘ನಮಸ್ತೇ ಮಿಸ್.’ ಮುಖ ಅರಳಿತ್ತು. ನನ್ನನ್ನು ಮೊದಲ ಸಲ ನೋಡುತ್ತಿರುವ ಮಕ್ಕಳು, ದಿನಾ ನೋಡುವವರ ಹಾಗೆ ನಕ್ಕರು. ಮುಂದಿನ ಬೆಂಚಿನಲ್ಲಿ ಶ್ರೀವಿದ್ಯಾ ಎಂಬ ಹುಡುಗಿ, ಎರಡು ಜಡೆಯವಳು, ‘ಮಿಸ್, ನಿನ್ನೆ ಅರ್ಧಕ್ಕೆ ನಿಂತಿತ್ತು,’ ಎಂದು ಪುಸ್ತಕ ಬಿಡಿಸಿ ತೋರಿಸಿದಳು. ಮಣ್ಣಿನ ಪಾಠ. ಅಲ್ಲಿಂದಲೇ ಶುರುಮಾಡಿದೆ. ಯಾವ ನಿನ್ನೆ ಎಂದು ಕೇಳಲಿಲ್ಲ.

ಎಷ್ಟು ಚೆನ್ನಾಗಿ ಕೇಳುತ್ತಾರೆ! ಕಣ್ಣು ಕದಲಿಸುವುದಿಲ್ಲ.

ಆಮೇಲೆ ತಿಮ್ಮಪ್ಪ ಒಂದೇ ಒಂದು ಸಲ ಗಂಟೆ ಹೊಡೆದ. ನಾನು ವಾಕ್ಯದ ನಡುವೆ ಇದ್ದೆ. ಮುಖಗಳು ಮುಚ್ಚಿಕೊಂಡವು. ಬೇರೆ ಪದ ಸಿಗುತ್ತಿಲ್ಲ. ಕಿಟಕಿ ಹಾಕಿದ ಹಾಗೆ.

6 ಡಿಸೆಂಬರ್

ಹಿಂದಿನ ಕೋಣೆಯಲ್ಲಿ ಕನ್ನಡ ಪುಸ್ತಕಗಳ ಕಟ್ಟುಗಳ ನಡುವೆ ಕೂರುವುದೇ ಕೆಲಸ. ಗೋಡೆಯಾಚೆ ಜೆಸಿಂತಾ ಪಾಠ ಮಾಡುವುದು ಕೇಳುತ್ತದೆ. ಮಕ್ಕಳು ಅಲ್ಲಿ ಗಲಾಟೆ ಮಾಡುತ್ತಾರೆ, ಬೈಸಿಕೊಳ್ಳುತ್ತಾರೆ, ಸಹಜವಾಗಿದ್ದಾರೆ.

ಮಧ್ಯಾಹ್ನ ನಲ್ಲಿಯ ಹತ್ತಿರ ಶ್ರೀವಿದ್ಯಾ ಎದುರಾದಳು. ‘ಊಟ ಆಯ್ತಾ?’ ಎಂದೆ. ನನ್ನ ಹಿಂದೆ ಯಾರೋ ಇದ್ದಾರೇನೋ ಎಂಬಂತೆ ನೋಡಿ, ಲೋಟ ತೊಳೆದುಕೊಂಡು ಹೋದಳು. ನನ್ನ ಜೊತೆ ಮಾತಾಡಬಾರದೆಂದು ಹೇಳಿರಬಹುದು. ಆದರೂ ಎಂಟು ವರ್ಷದ ಮಗು ಅಷ್ಟು ಚೆನ್ನಾಗಿ ನೋಡದೆ ಇರಲು ಹೇಗೆ ಸಾಧ್ಯ?

18 ಡಿಸೆಂಬರ್

ಬಂದರು. ಇಲ್ಲಿಯ ತಪಾಸಣೆಯನ್ನು ಪಕ್ಕದ ತಾಲ್ಲೂಕಿನವರಿಂದ ಮಾಡಿಸುತ್ತಾರಂತೆ, ಎನ್.ಆರ್. ಪುರದಿಂದ ಒಬ್ಬ ಅಧಿಕಾರಿ. ನಡುವಯಸ್ಸಿನ ಸಮಾಧಾನದ ಮನುಷ್ಯ. ಅವರು ನನ್ನನ್ನು ಏನೂ ಕೇಳಲಿಲ್ಲ. ಬೆಂಚಿನ ಹತ್ತಿರ ಬಗ್ಗಿ ಶ್ರೀವಿದ್ಯಾಳನ್ನು ಕೇಳಿದರು.

‘ಹೋದ ವಾರ ಮಿಸ್ ಎಂತ ಹೇಳಿಕೊಟ್ರು ಪುಟ್ಟಿ?’

‘ಹುತ್ತ ಸರ್.’

‘ಪುಸ್ತಕದಲ್ಲಿ ಹುತ್ತ ಇಲ್ವಲ್ಲ?’

‘ಪುಸ್ತಕದಲ್ಲಿಲ್ಲ. ಮಿಸ್ ನಮ್ಮನ್ನ ಗುಡ್ಡಕ್ಕೆ ಕರ್ಕೊಂಡು ಹೋಗಿದ್ರು. ಮುಟ್ಬೇಡಿ, ಕಿವಿ ಹತ್ರ ಇಟ್ಟು ಕೇಳಿ ಅಂದ್ರು. ಒಳಗೆ ತುಂಬಾ ಜನ ಮೆಲ್ಲಗೆ ಮಾತಾಡ್ತಿದ್ದ ಹಾಗೆ ಕೇಳ್ಸ್ತು ಸರ್.’

‘ವಾಪಸ್ ಬರ್ವಾಗ ಮಿಸ್ ಸೀರೆ ಮುಳ್ಳಿಗೆ ಸಿಕ್ಕಿ ಹರೀತು,’ ಎಂದ ಪಕ್ಕದ ಅಭಿಷೇಕ. ‘ಹಸಿರು ಸೀರೆ.’

‘ಮಿಸ್ ಅತ್ರು,’ ಎಂದಿತು ಹಿಂದಿನಿಂದ ಒಂದು ದನಿ.

‘ಅಳ್ಲಿಲ್ಲ. ನಕ್ರು,’ ಎಂದು ಶ್ರೀವಿದ್ಯಾ ತಿರುಗಿ ನೋಡದೆಯೇ ತಿದ್ದಿದಳು.

‘ಹೌದು, ನಕ್ರು.’

ಅಧಿಕಾರಿ ನನ್ನ ಕಡೆ ನೋಡಿ, ‘ಒಳ್ಳೆ ಕೆಲಸ ಮಾಡ್ತಿದೀರಿ ಮಿಸ್,’ ಎಂದರು. ನಾನು ಥ್ಯಾಂಕ್ಸ್ ಹೇಳಿದೆ.

ಈ ಮಕ್ಕಳನ್ನು ನಾನು ಯಾವ ಗುಡ್ಡಕ್ಕೂ ಕರೆದುಕೊಂಡು ಹೋಗಿಲ್ಲ. ಯಾರು ಕಲಿಸಿದ್ದೆಂದು ರಾಯರನ್ನು ಕೇಳಿದೆ. ‘ನಾನು ಹೇಳಿಕೊಟ್ಟದ್ದು ನಿಮ್ಮ ಹೆಸರು ಮಾತ್ರ. ಮಕ್ಕಳು ಹುಷಾರಿದಾರೆ, ಒಳ್ಳೇದಾಯ್ತಲ್ಲ,’ ಎಂದರು. ಜೆಸಿಂತಾಳನ್ನು ಕೇಳಿದೆ. ‘ಹುತ್ತವಾ? ನಾನು ಅಡುಗೆಮನೆ ಹಿಂದೆ ಕೂತಿದ್ದೆ ಮಾರಾಯ್ರೆ. ನನಗೆಂತ ಗೊತ್ತುಂಟು?’

20 ಡಿಸೆಂಬರ್

ಹಸಿರು ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ನೋಡಿದೆ. ಇಲ್ಲಿಗೆ ಬಂದ ಮೇಲೆ ಅದನ್ನು ಉಟ್ಟೇ ಇಲ್ಲ. ಅಂಚಿನಲ್ಲಿ ಒಂದು ಗೇಣು ಹರಿದಿದೆ. ಜಿರಳೆಯೋ, ಪೆಟ್ಟಿಗೆಯ ತಗಡು ತಾಗಿಯೋ. ಹೊಲಿದಿಟ್ಟೆ.

9 ಜನವರಿ 2008

ರಾಯರು ಬೆಂಗಳೂರಿಗೆ ಹೋಗಿ ಬಂದಿದ್ದಾರೆ. ಕೇಸು ಪೂರ್ಣ ಪೀಠದ ಮುಂದಿದೆ. ಯಾವ ಕಡೆ ಬೀಳುತ್ತದೋ ವಕೀಲರಿಗೂ ಗೊತ್ತಿಲ್ಲ. ಅಷ್ಟರಲ್ಲಿ ಇಲಾಖೆಯವರು ಹಳೆಯ ದಾಖಲೆ ಕೇಳಲು ಶುರುಮಾಡಿದ್ದಾರೆ. ಈ ಮಕ್ಕಳು ಒಂದನೇ ಕ್ಲಾಸು ಸೇರಿದ್ದು 2005ರ ಜೂನ್‌ನಲ್ಲಿ. ಆಗಿನಿಂದ ಇವರಿಗೆ ಕನ್ನಡದಲ್ಲಿ ಕಲಿಸುತ್ತ ಬಂದವಳು ನಾನೇ ಎಂದಾಗಬೇಕು. ಹೊಸದಾಗಿ ಬರೆಸಿದ ಟೀಚರುಗಳ ಹಾಜರಿ ಪುಸ್ತಕಗಳನ್ನು ನನ್ನ ಮುಂದೆ ಇಟ್ಟರು.

‘ಒಂದು ಕಡೆಯಿಂದ ಸಹಿ ಹಾಕ್ತಾ ಹೋಗಿ ಮಿಸ್. ಯಾರಿಗೂ ಮೋಸ ಇಲ್ಲ ಇದ್ರಲ್ಲಿ. ಮಕ್ಕಳು ಕಲೀತಿದಾರೆ, ಅವರ ಅಪ್ಪ ಅಮ್ಮ ಕೇಳಿದ್ದನ್ನೇ ಕಲೀತಿದಾರೆ. ನಾಳೆ ಕೋರ್ಟೂ ಅದನ್ನೇ ಹೇಳುತ್ತೆ. ಅಲ್ಲೀವರೆಗೆ ದಾಟ್ಬೇಕಲ್ಲ?’

ಅವರು ಕೆಟ್ಟವರಲ್ಲ. ಈ ಶಾಲೆಗಾಗಿ ತಮ್ಮ ಅರ್ಧ ಆಯುಷ್ಯ ತೇಯ್ದವರು.

2005ರ ಜುಲೈ ಇಪ್ಪತ್ತೊಂದಕ್ಕೆ ಬಂದಾಗ ಪೆನ್ನು ನಿಂತಿತು. ಆ ದಿನ, ಆಷಾಢ ಹುಣ್ಣಿಮೆ, ಅಪ್ಪಯ್ಯ ತೀರಿಹೋದರು. ಅಮ್ಮ, ಮೆಣಸೆಯಿಂದ ಬಂದಿದ್ದ ಅಕ್ಕನನ್ನು (ನಮಗೆಲ್ಲ ಅವಳು ಚಿಕ್ಕಕ್ಕ) ಕರೆದುಕೊಂಡು ಶೃಂಗೇರಿಗೆ ಔಷಧಿಗೆ ಹೋಗಿದ್ದಳು. ಮನೆಯಲ್ಲಿ ನಾನೊಬ್ಬಳೇ. ಅಪ್ಪಯ್ಯನ ತಲೆ ನನ್ನ ತೊಡೆಯ ಮೇಲಿತ್ತು. ಚಮಚದಲ್ಲಿ ನೀರು ಬಿಡುತ್ತಿದ್ದೆ. ನೀರು ಒಳಗೆ ಹೋಗದೆ ಕೆನ್ನೆಗುಂಟ ಇಳಿದು ನನ್ನ ಸೀರೆ ಒದ್ದೆಯಾಯಿತು. ಆಗ ಗೊತ್ತಾಯಿತು.

‘ಈ ಒಂದು ದಿನ ರಜೆ ಅಂತ ಹಾಕ್ಲಾ ಸರ್?’ ಎಂದೆ. ‘ರಜೆ ಅಂದ್ರೆ ಅರ್ಜಿ ಎಲ್ಲಿ ಅಂತಾರೆ. ಹಾಕಿ ಮಿಸ್, ಒಂದು ಸಹಿ,’ ಎಂದರು.

ಹಾಕಿದೆ. ಪೆನ್ನು ಅಲ್ಲೇ ನಿಂತಿದ್ದರಿಂದ ಶಾಯಿ ಸ್ವಲ್ಪ ಹರಡಿತು.

28 ಜನವರಿ

ತಡೆಯಲಾರದೆ ಇವತ್ತು ಶ್ರೀವಿದ್ಯಾಳನ್ನು ಮೆಟ್ಟಿಲ ಹತ್ತಿರ ಹಿಡಿದು ನಿಲ್ಲಿಸಿದೆ. ಸುತ್ತ ಯಾರೂ ಇರಲಿಲ್ಲ. ‘ಹುತ್ತದ ಕತೆ ಯಾರು ಹೇಳಿಕೊಟ್ಟಿದ್ದು ಪುಟ್ಟಾ? ನಾನು ಬೈಯಲ್ಲ.’

ಅವಳ ಮುಖ ನೋಡಿದೆ. ಹೆದರಿಕೆ ಇಲ್ಲ, ತುಂಟತನ ಇಲ್ಲ. ಬಸ್ಸಿಗೆ ಕಾಯುವ ದೊಡ್ಡವರ ಹಾಗೆ ಎಲ್ಲೋ ನೋಡುತ್ತಿದ್ದಳು. ಕೊನೆಗೆ ಮೆಲ್ಲಗೆ, ನನಗೇ ಬುದ್ಧಿ ಹೇಳುವಂತೆ, ಅಂದಳು:

‘ಗಂಟೆ ಹೊಡೆದಿಲ್ಲ ಮಿಸ್.’

12 ಫೆಬ್ರವರಿ

ಎರಡನೇ ತಪಾಸಣೆ. ಎನ್.ಆರ್. ಪುರದವರ ಜೊತೆ ಒಬ್ಬ ಮೇಡಂ ಕೂಡ ಬಂದಿದ್ದರು. ನಾನು ಲೆಕ್ಕ ಹೇಳಿಕೊಡುತ್ತಿದ್ದೆ. ಮೇಡಂ ನನ್ನ ಎಡಗಡೆ ಬಂದು ನಿಂತು ಏನೋ ಕೇಳಿದರು. ನಾನು ಉತ್ತರಿಸುವ ಮೊದಲೇ ಶ್ರೀವಿದ್ಯಾ ಎದ್ದಳು.

‘ಮೇಡಂ, ಮಿಸ್ಸಿಗೆ ಆ ಕಿವಿ ಕೇಳ್ಸಲ್ಲ. ಈ ಕಡೆ ಬನ್ನಿ.’

‘ಜ್ವರ ಬಂದಿತ್ತು. ಒಂದನೇ ಕ್ಲಾಸಲ್ಲಿ. ಆವಾಗ್ನಿಂದ,’ ಎಂದ ಅಭಿಷೇಕ.

‘ನಾವು ಪ್ರಶ್ನೆ ಕೇಳ್ಬೇಕಾದ್ರೆ ಬಲಗಡೆ ಹೋಗಿ ನಿಲ್ತೀವಿ.’

‘ಬೇಜಾರಾದಾಗ ಮಿಸ್ ಚಾಕ್‌ಪೀಸ್ ಮೂಸಿ ನೋಡ್ತಾರೆ.’

ಮೇಡಂ, ‘ಅಯ್ಯೋ, ಗೊತ್ತಿರ್ಲಿಲ್ಲ,’ ಎಂದು ಬಲಗಡೆ ಬಂದು ದನಿ ಎತ್ತರಿಸಿ ಕೇಳಿದರು. ಇಲ್ಲ ಎನ್ನಲು ಆಗಲಿಲ್ಲ. ನಾನು ಬಲಗಿವಿಯನ್ನು ಅವರ ಕಡೆ ವಾಲಿಸಿದೆ. ಮಕ್ಕಳೆಲ್ಲ ತಲೆಯಾಡಿಸಿದರು, ಅಭ್ಯಾಸವಾದದ್ದನ್ನು ನೋಡುವವರಂತೆ.

20 ಫೆಬ್ರವರಿ

ಅನ್ನಪೂರ್ಣಮ್ಮನವರಿಗೆ ಸಿಟ್ಟು ಬಂದಿದೆ. ‘ಕರೆದೂ ಕರೆದೂ ಗಂಟಲು ಒಣಗಿತು ಕಣಮ್ಮ. ಬಾಗಿಲಲ್ಲೇ ನಿಂತಿದೀನಿ, ತಿರುಗಿ ನೋಡಲ್ವಲ್ಲ!’ ಬಾಗಿಲು ನನ್ನ ಮಂಚದ ಎಡಕ್ಕಿದೆ.

ಡಾಕ್ಟರರ ಹತ್ತಿರ ಹೋದೆ. ದೀಪ ಹಾಕಿ ನೋಡಿ, ‘ಎಂತದೂ ಇಲ್ಲ, ಚೆನ್ನಾಗಿದೆ. ಎಷ್ಟು ದಿನದಿಂದ?’ ಎಂದು ಕೇಳಿದರು.

ಜ್ವರ ಬಂದ ಮೇಲಿನಿಂದ ಎಂದೆ.

7 ಮಾರ್ಚ್

ಈಗ ಪ್ರತಿ ಶುಕ್ರವಾರ ತಾಲೀಮು. ನಾನೇ ರಾಯರನ್ನು ಕೇಳಿಕೊಂಡೆ. ಮಕ್ಕಳಿಗೆ ರೂಢಿ ತಪ್ಪಬಾರದು ಎಂದೆ, ಒಪ್ಪಿದರು. ಗುರುವಾರದಿಂದಲೇ ನನಗೆ ಹಸಿವಾಗುವುದಿಲ್ಲ. ಗಂಟೆ ಮೂರು ಸಲ ಹೊಡೆದಾಗ ಎದೆಯೊಳಗೆ ಏನೋ ತೆರೆದುಕೊಳ್ಳುತ್ತದೆ.

ಇವತ್ತು ಹುತ್ತದ ಪಾಠವನ್ನು ಮತ್ತೆ ನೆನಪಿಸಿದೆ. ಎಲ್ಲರಿಗೂ ನೆನಪಿದೆ. ಆವತ್ತು ಬಿಸಿಲು ಜೋರಿತ್ತು. ಶ್ರೀವಿದ್ಯಾ ಕಿವಿ ಇಟ್ಟು ಎದ್ದಾಗ ಕೆನ್ನೆಗೆಲ್ಲ ಕೆಮ್ಮಣ್ಣು. ನಾನು ಸೆರಗಿನಿಂದ ಒರೆಸಿದೆ, ಅವಳು ಕಣ್ಣು ಮುಚ್ಚಿಕೊಂಡು ಒರೆಸಿಸಿಕೊಂಡಳು. ಇಳಿಯುವಾಗ ಮುಳ್ಳಿಗೆ ಸೀರೆ ಸಿಕ್ಕಿತು. ಎಷ್ಟು ನಕ್ಕಿದ್ದೆವು.

ಸಂಜೆ ಜೆಸಿಂತಾ ನನ್ನ ಕೋಣೆಗೆ ಬಂದಳು. ಕಣ್ಣು ಕೆಂಪಾಗಿತ್ತು.

‘ಭವ್ಯಾ ಮಿಸ್, ನೀವು ಸ್ವಲ್ಪ ಕಡಿಮೆ ಮಾಡಿ ಆಯ್ತಾ? ನಿಮ್ಮ ಕ್ಲಾಸು ಮುಗಿದ ಮೇಲೆ ನಾನು ಹೋದರೆ ಅವರು ನನ್ನನ್ನು ನೋಡುವುದೇ ಇಲ್ಲ. ಗಂಟೆ ಹೊಡೆದು ಆಗಿರ್ತದೆ, ಆದರೂ. ಇವತ್ತು ಒಬ್ಬ ಕೇಳಿದ, ಹೂ ಆರ್ ಯೂ ಅಂತ. ತಮಾಷೆಗಲ್ಲ.’

ನಾನು ಅವಳಿಗೆ ಕಾಫಿ ಮಾಡಿಕೊಟ್ಟೆ. ಪಾಪದ ಹುಡುಗಿ. ಹೊಸಬಳು, ಹೊಂದಿಕೊಳ್ಳಲು ಸಮಯ ಬೇಕು.

26 ಮಾರ್ಚ್

ಎನ್.ಆರ್. ಪುರದವರು ಇವತ್ತು ಹಾಜರಿ ಪುಸ್ತಕಗಳನ್ನೇ ಕ್ಲಾಸಿಗೆ ತರಿಸಿಕೊಂಡು ಕೂತರು. ಕೋರ್ಟಿಗೆ ವರದಿ ಹೋಗಬೇಕಂತೆ. 2005ರದ್ದನ್ನು ತಿರುವುತ್ತ ಜುಲೈ ಇಪ್ಪತ್ತೊಂದರ ಮೇಲೆ ಬೆರಳಿಟ್ಟರು. ‘ಇಲ್ಲೊಂದು ಸಹಿ ಹರಡಿದೆಯಲ್ಲ ಮಿಸ್?’

ಬಾಗಿಲಲ್ಲಿ ನಿಂತಿದ್ದ ರಾಯರ ಮುಖ ಬಿಳುಚಿತು. ಶ್ರೀವಿದ್ಯಾ ಎದ್ದು ನಿಂತಳು.

‘ಆವತ್ತು ಮಿಸ್ ಅಪ್ಪಯ್ಯ ತೀರಿಹೋದ್ರು ಸರ್.’

ಅಧಿಕಾರಿ ಸಹಿಯ ಮೇಲಿನಿಂದ ಬೆರಳು ತೆಗೆದರು.

‘ನಾವು ಒಂದನೇ ಕ್ಲಾಸು. ಮಿಸ್ ನಮ್ಗೆ ಅಕ್ಷರ ತಿದ್ದಿಸ್ತಿದ್ರು. ತಿಮ್ಮಪ್ಪಣ್ಣ ಬಂದು ಕಿವಿಯಲ್ಲಿ ಹೇಳಿದ್ರು. ಮಿಸ್ ಹೋಗ್ಲಿಲ್ಲ. ಎಲ್ಲರ ಸ್ಲೇಟೂ ನೋಡಿ ಮುಗಿಸಿ ಆಮೇಲೆ ಹೋದ್ರು.’

‘ನನ್ನ ಸ್ಲೇಟ್ ಮೇಲೆ ನೀರು ಬಿತ್ತು,’ ಎಂದ ಅಭಿಷೇಕ.

‘ಅದು ಮಿಸ್ ಕಣ್ಣೀರು.’

ಅಧಿಕಾರಿ ಪುಸ್ತಕ ಮುಚ್ಚಿದರು. ಎದ್ದು ನಿಂತು ನನಗೆ ಕೈಮುಗಿದರು. ಹೊರಗೆ ಹೋಗಿ, ಇಂಥ ಶಿಕ್ಷಕಿಯರು ಸರ್ಕಾರಿ ಶಾಲೆಯಲ್ಲೂ ಇಲ್ಲ ಎಂದರಂತೆ.

ಅಪ್ಪಯ್ಯನ ವಿಷಯ ಈ ಶಾಲೆಯಲ್ಲಿ ಯಾರ ಹತ್ತಿರವೂ ಆಡಿದವಳಲ್ಲ ನಾನು. ಹೇಳದೆ ಮಕ್ಕಳಿಗೆ ಹೇಗೆ ತಿಳಿಯಿತು ಎಂದು ಇಳಿಜಾರು ಇಳಿಯುವಾಗಲೆಲ್ಲ ಯೋಚಿಸಿದೆ. ಮನೆ ಹತ್ತಿರ ಬಂದಾಗ ಹೊಳೆಯಿತು: ಅವರು ಅಲ್ಲೇ ಇದ್ದರಲ್ಲ.

4 ಮೇ, ಬೇಗಾರು

ಬೇಸಿಗೆ ರಜೆ. ಹಲಸಿನ ಹಪ್ಪಳಕ್ಕೆಂದು ಚಿಕ್ಕಕ್ಕ ಮೆಣಸೆಯಿಂದ ಬಂದಿದ್ದಾಳೆ. ಇಬ್ಬರೂ ಅಂಗಳದಲ್ಲಿ ಕೂತು ಹಿಟ್ಟು ತಟ್ಟುತ್ತಿದ್ದೆವು. ಮಾತಿಗೆ ಮಾತು ಬಂದು ಅಪ್ಪಯ್ಯ ಹೋದ ದಿನದ ವಿಷಯ ಬಂತು. ಆವತ್ತು ಶಾಲೆಯಿಂದ ಬೇಗ ಹೊರಟಿದ್ದರೆ ಮುಖ ನೋಡಬಹುದಿತ್ತು, ಮಕ್ಕಳನ್ನು ಬಿಟ್ಟು ಬರಲಾಗಲಿಲ್ಲ, ಅದೊಂದು ಕೊರಗು ಉಳಿದುಹೋಯಿತು ಎಂದೆ.

ಚಿಕ್ಕಕ್ಕನ ಕೈ ನಿಂತಿತು. ‘ಯಾವ ಶಾಲೆನೇ?’

‘ಕೊಪ್ಪದ್ದು.’

‘ಎಂತ ಹೇಳ್ತಾ ಇದೀಯೇ ಮಾರಾಯ್ತಿ? ನೀನು ಕೊಪ್ಪಕ್ಕೆ ಹೋಗಿದ್ದು ಹೋದ ದೀಪಾವಳಿ ಆದ್ಮೇಲಲ್ಲನೇ? ಅಪ್ಪಯ್ಯ ಹೋದದ್ದು ನಿನ್ನ ತೊಡೆ ಮೇಲೆ. ನಾನೂ ಅಮ್ಮನೂ ಬರ್ಬೇಕಾದ್ರೆ ನೀನು ಹಂಗೇ ಕೂತಿದ್ದೆ, ಅವರ ತಲೆ ಕೆಳಗಿಡ್ದೆ. ಕಾಲು ಜೋಮು ಹಿಡಿದು ಏಳಕ್ಕೆ ಆಗ್ದೆ ನಾನೇ ಎಬ್ಬಿಸಿದ್ದು.’

ಅವಳು ಎಡಗಡೆ ಕೂತಿದ್ದಳು, ಅರ್ಧ ಕೇಳಿಸಿತು. ಪಾಪ, ಅವಳಿಗೂ ವಯಸ್ಸಾಗುತ್ತಿದೆ. ಎರಡು ಸಾವುಗಳನ್ನು ಸೇರಿಸಿಕೊಂಡಿದ್ದಾಳೆ. ವಾದ ಮಾಡಲಿಲ್ಲ.

‘ಅಪ್ಪಯ್ಯ ಕೊನೇಗೆ ಎಂತೋ ಹೇಳಿದ್ರು ಅಂತ ನೀನೇ ಅಂದಿದ್ದೆ,’ ಎಂದಳು. ‘ಅಮ್ಮಂಗೆ ಈಗ ತಡ್ಕಳಕ್ಕೆ ಆಗಲ್ಲ, ಆಮೇಲೆ ಯಾವಾಗಾದ್ರೂ ಹೇಳ್ತೀನಿ ಅಂತ ನನ್ನ ಹತ್ರನೂ ಹೇಳ್ಲಿಲ್ಲ. ಅದಾದ್ರೂ ನೆನಪಿದ್ಯಾ?’

ನಾನು ಹಪ್ಪಳ ತಿರುವಿ ಹಾಕಿದೆ. ಇದನ್ನೆಲ್ಲ ಈ ಡೈರಿಯಲ್ಲಿ ಯಾವಾಗಲೋ ಬರೆದಿದ್ದೆನೇನೋ. ಹಿಂದಿನ ಪುಟ ತಿರುವುವ ಅಭ್ಯಾಸ ನನಗಿಲ್ಲ.

ಶಾಲೆ ಶುರುವಾಗಲು ಇನ್ನೂ ಎಷ್ಟು ದಿನ ಕಾಯಬೇಕು.

6 ಜೂನ್, ಕೊಪ್ಪ

ನನ್ನ ಮಕ್ಕಳು ನಾಲ್ಕನೇ ಕ್ಲಾಸು. ಜೆಸಿಂತಾಳನ್ನೂ ಅವರ ಜೊತೆಗೇ ಮೇಲಿನ ಕ್ಲಾಸಿಗೆ ಹಾಕಿದ್ದಾರೆ. ಶ್ರೀವಿದ್ಯಾ ಎತ್ತರವಾಗಿದ್ದಾಳೆ. ಶುಕ್ರವಾರವಾದರೂ ಗಂಟೆ ಹೊಡೆಯಲಿಲ್ಲ. ರಾಯರು ಬೆಂಗಳೂರಿನಲ್ಲಿದ್ದಾರೆ.

13 ಜೂನ್

ಹೊಡೆಯಲಿಲ್ಲ.

20 ಜೂನ್

ತಿಮ್ಮಪ್ಪನನ್ನು ಕೇಳಿದೆ. ‘ರಾಯರು ಹೇಳ್ದೆ ನಾ ಹೆಂಗೆ ಹೊಡೀಲಿ ಮಿಸ್? ಕೋರ್ಟಿಂದು ಇವತ್ತು ನಾಳೆ ಬರ್ತದಂತೆ. ಈಗ ಯಾವ ಜೀಪೂ ಬರಲ್ಲ.’

ಹಿಂದಿನ ಕೋಣೆಯಲ್ಲಿ ಕೂತು ಚಾಕ್‌ಪೀಸ್ ಮೂಸಿದೆ. ಇದರ ವಾಸನೆ ಎಷ್ಟು ಸಮಾಧಾನ.

3 ಜುಲೈ

ತೀರ್ಪು ಬಂದಿದೆ. ಪೇಪರಿನ ತುಂಬ ಅದೇ. ಅನುದಾನ ಪಡೆಯದ ಖಾಸಗಿ ಶಾಲೆಗಳ ಮೇಲೆ ಸರ್ಕಾರ ತನ್ನ ಭಾಷಾನೀತಿ ಹೇರುವಂತಿಲ್ಲ. ಮಗು ಯಾವ ಮಾಧ್ಯಮದಲ್ಲಿ ಕಲಿಯಬೇಕೆಂದು ತಂದೆತಾಯಿ ತೀರ್ಮಾನಿಸಬಹುದು. ರಾಯರು ಪೇಡ ಹಂಚಿದರು. ಪ್ರಾರ್ಥನೆಯ ಹೊತ್ತಿಗೆ ಅವರೇ ಮುಂದೆ ಬಂದು ನಿಂತರು. ‘ಇನ್ನು ನಾವು ಯಾರಿಗೂ ಹೆದರ್ಬೇಕಾಗಿಲ್ಲ ಮಕ್ಕಳೇ. ಬಚ್ಚಿಡೋದು ಏನೂ ಇಲ್ಲ.’ ಜೆಸಿಂತಾ ಎಲ್ಲರೆದುರೇ ಅತ್ತಳು. ಮುಂಬಾಗಿಲಿನಿಂದ ಕ್ಲಾಸಿಗೆ ಹೋದಳು.

ನಾಲ್ಕನೇ ಕ್ಲಾಸಿನ ಮಕ್ಕಳು ಪೇಡ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ತಿನ್ನಿ ಎಂದು ಯಾರೋ ಎರಡು ಸಲ ಹೇಳಬೇಕಾಯಿತು.

5 ಜುಲೈ

ರಾಯರು ಒಳಗೆ ಕರೆದು ಕೂರಿಸಿದರು. ‘ನಿಮ್ಮಿಂದ ತುಂಬಾ ಉಪಕಾರ ಆಯ್ತು ಮಿಸ್. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗ್ಬಹುದು, ಅದು ಮುಂದಿನ ಮಾತು. ಈಗ ಇಂಗ್ಲಿಷ್ ಮಾಧ್ಯಮಕ್ಕೇ ಹೊಸದಾಗಿ ಅರ್ಜಿ ಹಾಕ್ತಿದೀವಿ. ನಿಮಗೆ ಬೇರೆ ಕಡೆ ಒಳ್ಳೆ ಕೆಲಸ ಸಿಗುತ್ತೆ, ನಾನೂ ಹೇಳ್ತೀನಿ.’

‘ಹಾಜರಿ ಪುಸ್ತಕ ಸರ್?’

‘ಅದ್ಯಾಕೆ ಇನ್ನು? ಆವತ್ತು ನೀವು ಹಾಕಿದ್ದೆಲ್ಲ ಬಚ್ಚಲ ಒಲೆಗೆ ಹೋಯ್ತು. ಹೆದರ್ಬೇಡಿ, ನಿಮ್ಮ ಹೆಸರು ಎಲ್ಲೂ ಇಲ್ಲ.’

‘ಹಾಗಾದ್ರೆ ಅಪ್ಪಯ್ಯ ಹೋದ ದಿನ ನಾನೆಲ್ಲಿದ್ದೆ ಸರ್?’

ಅವರು ನನ್ನನ್ನು ನೋಡಿದರು. ತಿಮ್ಮಪ್ಪನಿಗೆ ನೀರು ತರಲು ಹೇಳಿದರು.

ಹೊರಡುವ ಮೊದಲು ಕ್ಲಾಸಿನ ಬಾಗಿಲಲ್ಲಿ ನಿಂತೆ. ಜೆಸಿಂತಾ ಪಾಠ ನಿಲ್ಲಿಸಿ, ‘ಚಿಲ್ಡ್ರನ್, ಭವ್ಯಾ ಮಿಸ್ಸಿಗೆ ಬೈ ಹೇಳಿ,’ ಎಂದಳು. ಮಕ್ಕಳು ಬಾಗಿಲ ಕಡೆ ನೋಡಿದರು. ಬಾಗಿಲು ನೋಡಿದರು, ಅಷ್ಟೆ. ‘ಎಲ್ಲಿ ಮಿಸ್?’ ಎಂದು ಶ್ರೀವಿದ್ಯಾ ಕೇಳಿದಳು. ತುಂಬ ವಿನಯದಿಂದ ಕೇಳಿದಳು.

18 ಜುಲೈ, ಬೇಗಾರು

ಆಷಾಢ ಹುಣ್ಣಿಮೆ. ಅಪ್ಪಯ್ಯನ ದಿನ. ಎಡೆ ಇಟ್ಟು ಊಟ ಮುಗಿದ ಮೇಲೆ ಎಲ್ಲರೂ ಒಲೆಯ ಹತ್ತಿರ ಕೂತಿದ್ದೆವು. ಅಮ್ಮ ಬಂದು ನನ್ನ ಎಡಗಡೆ ಕೂತಳು. ನಾನು ಎದ್ದು ಈ ಕಡೆ ಸರಿದು ಕೂತೆ.

‘ಮೂರು ವರ್ಷ ಆತಲ್ಲೇ,’ ಎಂದಳು. ‘ನಂಗೀಗ ಎಂತ ಕೇಳಿದ್ರೂ ತಡ್ಕಳೋ ಶಕ್ತಿ ಇದೆ. ನಿಮ್ಮಪ್ಪಯ್ಯ ಕೊನೇಗೆ ಎಂತ ಹೇಳಿದ್ರು? ನೀನು ಹೇಳ್ತೀಯ ಅಂತ ಕಾದೆ. ಕೇಳಕ್ಕೆ ಹೆದರಿಕೆ ಆಗಿ ಸುಮ್ನಿದ್ದೆ.’

ಚಿಕ್ಕಕ್ಕ ತಲೆ ಎತ್ತಿದಳು. ಅಮ್ಮನ ಮುಖ ನನ್ನ ಮುಖಕ್ಕೆ ಹತ್ತಿರವಿತ್ತು. ಯಾರೋ ಬಗ್ಗಿ ಕೇಳುತ್ತಿದ್ದಾರೆ, ಉತ್ತರ ಹೇಳಬೇಕು, ಅಷ್ಟೇ ಅನ್ನಿಸಿತು. ಒಂದು ಗಳಿಗೆಯೂ ತಡವರಿಸಲಿಲ್ಲ. ಮಾತು ತಾನಾಗಿ ಬಂತು.

‘ಮಳೆ ಬರೋ ಹಂಗಿದೆ ಅಂದ್ರು ಅಮ್ಮ. ನಿಮ್ಮಮ್ಮ ಬಸ್ ಇಳಿದು ಅಲ್ಲೇ ನಿಂತಿರ್ತಾಳೆ, ನೆನೀತಾಳೆ, ಕೊಡೆ ತಗಂಡು ಹೋಗು ಅಂದ್ರು. ನಿಮ್ಮನ್ನ ಬಿಟ್ಟು ಹೆಂಗೆ ಹೋಗ್ಲಿ ಅಪ್ಪಯ್ಯ ಅಂದೆ. ನಂಗೆಂತ ಆಗ್ತದೆ, ಅವ್ಳಿಗೆ ಥಂಡಿ ಆಗಿಬರಲ್ಲ ಅಂದ್ರು.’

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ‘ಕಪ್ಪು ಕೊಡೆ ಅಲ್ಲನೇ?’ ಎಂದಳು.

‘ಹೌದು. ಕಪ್ಪು ಕೊಡೆ.’

‘ಅದರ ಒಂದು ಕಡ್ಡಿ ಮುರಿದಿತ್ತು.’

‘ಮುರಿದಿತ್ತು. ದಾರ ಕಟ್ಟಿದ್ರು ಅಪ್ಪಯ್ಯ.’

‘ಹೌದು, ಹೌದು. ಹಂಗೇ ಹೇಳೋರು ಅವ್ರು. ಬದುಕಿದ್ದಾಗ ಒಂದಿನ ಹೇಳಿದವ್ರಲ್ಲ, ಆದ್ರೂ ಮನಸಲ್ಲಿತ್ತಲ್ಲ.’ ಅಮ್ಮ ಅಳುತ್ತಲೇ ನಕ್ಕಳು. ಇಷ್ಟು ವರ್ಷದಲ್ಲಿ ಅವಳ ಮುಖ ಹೀಗೆ ಬೆಳಗಿದ್ದನ್ನು ನಾನು ನೋಡಿಲ್ಲ. ನನ್ನ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ಒರೆಸಿದಳು. ನಾನು ಅತ್ತಿರಲಿಲ್ಲ.

ಚಿಕ್ಕಕ್ಕ ಮಾತ್ರ ಅಳಲಿಲ್ಲ. ನಾನು ಪಾತ್ರೆ ತೊಳೆಯಲು ಹಿತ್ತಿಲಿಗೆ ಹೋದಾಗ ಹಿಂದೆಯೇ ಬಂದಳು.

‘ಕಪ್ಪು ಕೊಡೆ ಆವತ್ತು ನನ್ನ ಕೈಯಲ್ಲಿತ್ತು ಭವ್ಯಾ. ಅಮ್ಮಂಗೆ ನೆನಪಿಲ್ಲ. ನಾವು ಶೃಂಗೇರಿಗೆ ತಗಂಡು ಹೋಗಿದ್ವಿ.’ ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ‘ನೀನು ನಿಜವಾದ್ದು ಹೇಳದಿದ್ರೂ ಪರ್ವಾಗಿಲ್ಲ. ನಿಂಗೆ ಗೊತ್ತಿದ್ರೆ ಸಾಕು. ಗೊತ್ತಿದೆ ಅಲ್ಲನೇ? ನಿನ್ನೊಬ್ಬಳ ಹತ್ರನೇ ಇದ್ದದ್ದು ಅದು.’

ಅವಳು ಯಾಕೆ ಅಷ್ಟು ಗಾಬರಿಯಾಗಿದ್ದಾಳೋ ತಿಳಿಯಲಿಲ್ಲ. ‘ಗೊತ್ತಿದೆ ಚಿಕ್ಕಕ್ಕ,’ ಎಂದೆ. ಅವಳು ನನ್ನ ಕಣ್ಣನ್ನೇ ನೋಡಿ, ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡು ತಾನೇ ತೊಳೆದಳು.

ನಾಳೆ ಕೆರೆಕಟ್ಟೆಯಿಂದ ಅತ್ತೆ, ಅಪ್ಪಯ್ಯನ ತಂಗಿ, ಬರುತ್ತಾರೆ. ಅವರಿಗೂ ಹೇಳಬೇಕಂತೆ, ಅಮ್ಮ ಆಗಲೇ ಎರಡು ಸಲ ನೆನಪಿಸಿದ್ದಾಳೆ. ಹೇಳುತ್ತೇನೆ. ಕೊಡೆಯ ಮಾತಾದ ಮೇಲೆ ಅಪ್ಪಯ್ಯ ತಂಗಿಯ ಬಗ್ಗೆಯೂ ಏನೋ ಅಂದರು. ಅತ್ತೆ ಎದುರಿಗೆ ಕೂತು ಕೇಳಿದರೆ ನೆನಪಾಗುತ್ತದೆ.